ಒಳ್ಳೆಯ ಪತ್ರಕ್ಕೆ ಉತ್ತರ ಬಂದೇ ಬರುತ್ತದೆ

ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ ಬಂತು. ಊಟದ ಹೊತ್ತಿಗೆ ಅದರ ಕೆಳಗೆ ಆರ್‌ಐಪಿ, ಆರ್‌ಐಪಿ ಎಂದು ಸಾಲುಗಟ್ಟಿತ್ತು. ಅಷ್ಟೂ ಬರೆಯಲು ಬೇಸರವಾದವರು ಕೈ ಮುಗಿದ ಚಿತ್ರವೊಂದನ್ನು ಒತ್ತಿ ಕೈ ತೊಳೆದುಕೊಂಡಿದ್ದರು. ನನಗೆ ಮೈಯೆಲ್ಲ ಉರಿಯಿತು. ಇವರಿಗೆಲ್ಲ ಪತ್ರ ಬರೆಯುವುದನ್ನು ಕಲಿಸಲಿಕ್ಕೆಂದೇ ಆ ಮನುಷ್ಯ ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದರು. ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಸೊನ್ನೆ ಸುತ್ತಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಇವನಿಗೆ ಏನೂ ಅನಿಸಿಲ್ಲ’ ಎಂದು ಬರೆಯುತ್ತಿದ್ದರು.

ಕೂಡ್ಲಿಗಿ ತಾಲ್ಲೂಕಿನ ಒಂದು ಹೈಸ್ಕೂಲು, ಹೆಸರು ಬೇಡ. ಅವರು ಅಲ್ಲಿ ಕನ್ನಡದ ಮೇಷ್ಟ್ರು, ನಾನು ಲೆಕ್ಕದ ಟೀಚರು. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿ ಎದುರುಬದುರು, ಜಗಳಕ್ಕೆ ಬಹಳ ಅನುಕೂಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಶುರುವಾಯಿತು. ‘ತುರ್ತು ಕೆಲಸದ ನಿಮಿತ್ತ ಒಂದು ದಿನ ರಜೆ ಬೇಕು’ ಎಂದು ಗೀಚಿ ಹೆಡ್‌ಮಾಸ್ಟರ ಮೇಜಿನ ಮೇಲೆ ಇಡಲು ಹೊರಟಿದ್ದೆ. ಅದನ್ನು ಇಸಿದುಕೊಂಡು ಓದಿ, ಕನ್ನಡಕದ ಮೇಲಿಂದ ನೋಡಿದರು.

“ಟೀಚರ್, ಇದೇನು ರಜಾ ಅರ್ಜಿಯೋ, ಕಂದಾಯದ ನೋಟೀಸೋ?”

“ರಜೆ ಕೊಟ್ರ ಸಾಕು ಸರ್. ಚೆಂದ ಯಾರಿಗೆ ಬೇಕು?”

“ಚೆಂದ ಅಲ್ರಿ. ನೀವು ಯಾರದರ ಮನಿಗೆ ಹೋಗ್ತೀರಿ. ಹೊಸ್ತಿಲ ಮ್ಯಾಲ ನಿಂತು ‘ನಾಕು ಸೇರು ಜ್ವಾಳ ಕೊಡ್ರಿ’ ಅಂತೀರೇನು? ಚಪ್ಪಲಿ ಬಿಟ್ಟು ಒಳಗ ಹೋಗ್ತೀರಿ. ಅವರು ಕೊಟ್ಟ ನೀರು ಕುಡೀತೀರಿ. ಮಕ್ಳು ಮರಿ ಆರಾಮದಾರೇನು ಅಂತೀರಿ. ಹಿಂದೆ ಏನಾರ ಕೊಟ್ಟಿದ್ರ ಅದನ್ನ ನೆನೀತೀರಿ. ಆಮ್ಯಾಲ ಬಂದ ಕೆಲಸ. ಪತ್ರಾನೂ ಅಷ್ಟರಿ.”

ಅವರ ಇಡೀ ಶಾಸ್ತ್ರ ಇಷ್ಟೇ. ಉಳಿದದ್ದು ಅದರ ಮರಿ. ಒಂದು ಪತ್ರಕ್ಕೆ ಒಂದೇ ವಿಷಯ. ಓದುವವನ ಮುಖ ಕಣ್ಣ ಮುಂದೆ ಬಾರದಿದ್ದರೆ ಪೆನ್ನು ಕೆಳಗಿಡು. ಬರೆದದ್ದನ್ನು ಒಮ್ಮೆ ಬಾಯಿಬಿಟ್ಟು ಓದು, ನಿನ್ನ ನಾಲಿಗೆಗೆ ತಿರುಗದ್ದು ಅವನ ತಲೆಗೆ ಇಳಿಯುವುದಿಲ್ಲ. ಸ್ವತಃ ಅವರು ಶಾಲೆಯ ವರಾಂಡದಲ್ಲಿ ನಿಂತು ತಮ್ಮ ಪತ್ರಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು, ಅದರ ಬಗ್ಗೆ ಅವರಿಗೆ ನಾಚಿಕೆ ಇರಲಿಲ್ಲ. ಆಮೇಲೆ ಹೋಗಿ ಅಂಚೆಡಬ್ಬಿಗೆ ಹಾಕಿ, ಎಮ್ಮೆಯ ಬೆನ್ನು ತಟ್ಟಿದ ಹಾಗೆ ಡಬ್ಬಿಯ ಬೆನ್ನು ತಟ್ಟಿ ಬರುತ್ತಿದ್ದರು. ಪತ್ರ ಬಾಯಲ್ಲಿ ಸಿಕ್ಕಿಕೊಳ್ಳದೆ ಹೊಟ್ಟೆಗೆ ಬೀಳಲಿ ಅಂತ.

ಪಠ್ಯಪುಸ್ತಕದ ಪತ್ರಲೇಖನ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ‘ನಿಮ್ಮನ್ನು ಹೊಸಪೇಟೆಯ ರಮೇಶನೆಂದು ಭಾವಿಸಿಕೊಂಡು ಪ್ರವಾಸಕ್ಕೆ ಹಣ ಕೋರಿ ತಂದೆಗೆ ಪತ್ರ ಬರೆಯಿರಿ’ ಎಂಬ ಪ್ರಶ್ನೆ ಬಂದರೆ ಕೆಂಡವಾಗುತ್ತಿದ್ದರು. “ಇವನು ಯಾಕ ರಮೇಶ ಅಂತ ಭಾವಿಸಬೇಕು? ಇವನಿಗೆ ಹೆಸರಿಲ್ಲೇನು? ಇವನಪ್ಪ ಇಲ್ಲೇನು?” ತಾವೇ ಅಂಚೆ ಕಾರ್ಡು ತಂದು ಹಂಚಿ, ಪ್ರತಿಯೊಬ್ಬರೂ ನಿಜವಾದ ಯಾರಿಗಾದರೂ ನಿಜವಾದ ವಿಷಯ ಬರೆಯಬೇಕೆಂದು ಹೇಳಿ, ಬರೆಸಿ, ಡಬ್ಬಿಗೆ ಹಾಕಿಸುತ್ತಿದ್ದರು. ಒಬ್ಬ ಹುಡುಗ ಕೊಟ್ಟೂರಿನಲ್ಲಿ ಕೊಂಡ ಚಪ್ಪಲಿಯ ಉಂಗುಷ್ಟ ವಾರದಲ್ಲೇ ಕಿತ್ತುಬಂದಿತ್ತು. ಅವನು ಅಂಗಡಿಯವರಿಗೆ ಬರೆದ: ನಿಮ್ಮ ಅಂಗಡಿಯಲ್ಲಿ ನಮ್ಮ ಅಜ್ಜನ ಕಾಲದಿಂದಲೂ ಚಪ್ಪಲಿ ತರುತ್ತೇವೆ, ಅಜ್ಜನ ಚಪ್ಪಲಿ ಅಜ್ಜನಿಗಿಂತ ಹೆಚ್ಚು ಬಾಳಿತು, ನನ್ನದು ಮಾತ್ರ ಹೀಗಾಯಿತು. ಅಂಗಡಿಯವರು ಆ ಕಾರ್ಡನ್ನು ಗಿರಾಕಿಗಳಿಗೆಲ್ಲ ಓದಿ ಹೇಳಿ ನಕ್ಕು, ಹೊಸ ಜೋಡಿ ಕಳಿಸಿಕೊಟ್ಟರು. ಮೇಷ್ಟ್ರು ಆ ಚಪ್ಪಲಿಯನ್ನು ತರಗತಿಯಲ್ಲಿ ಎತ್ತಿ ಹಿಡಿದು ತೋರಿಸಿದರಂತೆ.

“ನೆನಪಿಟ್ಕೊಳ್ರಿ. ಒಳ್ಳೆ ಪತ್ರಕ್ಕ ಉತ್ತರ ಬಂದ ಬರತೈತಿ.”

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಕೇಳಿದಾಗಲೆಲ್ಲ ನನಗೆ ರೇಗುತ್ತಿತ್ತು. ಚಪ್ಪಲಿ ಅಂಗಡಿಯವನಿಗೆ ವ್ಯಾಪಾರ ಬೇಕು, ಕೊಟ್ಟ. ವ್ಯಾಪಾರ ಬೇಡದವರಿಗೆ ಬರೆದು ನೋಡಿ ಎಂದರೆ, “ಮನುಷ್ಯಾರಿಗೇ ಬರಿಯೂದಲ್ರಿ ಟೀಚರ್, ಗ್ವಾಡಿಗೇನು?” ಎನ್ನುತ್ತಿದ್ದರು.

ಅಣಕಿಸುವುದು ಸುಲಭ. ಆದರೆ ನಮ್ಮವ್ವ ಹೋದಾಗ ನನಗೆ ಬಂದ ಒಂದೇ ಒಂದು ಪತ್ರ ಅವರದು. ದಿನಾ ಎದುರಿಗೆ ಕೂರುವ ಮನುಷ್ಯ, ಅಂಚೆಗೆ ಹಾಕಿದ್ದರು. ‘ನಿಮ್ಮ ತಾಯಿಯವರು ಕಳಿಸುತ್ತಿದ್ದ ಗುರೆಳ್ಳು ಪುಡಿಯನ್ನು ನಾನು ನಿಮ್ಮ ಡಬ್ಬಿಯಿಂದ ಕೇಳದೆಯೇ ತಿಂದಿದ್ದೇನೆ. ಆ ಋಣ ನನ್ನ ಮೇಲಿದೆ.’ ಇಷ್ಟೇ. ದೇವರು ದುಃಖ ಭರಿಸುವ ಶಕ್ತಿ ಕೊಡಲಿ ಎಂದು ಬಂದವರೆಲ್ಲ ಹೇಳಿದ್ದರು, ನಾನು ಅತ್ತಿರಲಿಲ್ಲ. ಆ ಕಾರ್ಡು ಓದಿ ಅಡಿಗೆಮನೆಯಲ್ಲಿ ಕೂತು ಅತ್ತೆ.

ಮಾಳಮ್ಮ ನಮ್ಮ ಶಾಲೆಗೆ ಬಂದದ್ದು ಗುಡೇಕೋಟೆ ಕಡೆಯ ಒಂದು ಹಟ್ಟಿಯಿಂದ. ಕುರಿ ಸಾಕುವ ಮನೆ. ಆ ಹಟ್ಟಿಯಿಂದ ಹೈಸ್ಕೂಲಿಗೆ ಬಂದ ಹುಡುಗಿಯರಲ್ಲಿ ಒಂಬತ್ತನೆಯ ತರಗತಿಯವರೆಗೂ ಉಳಿದವಳು ಅವಳೊಬ್ಬಳೇ. ಲೆಕ್ಕದಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಹಟ್ಟಿಗೆ ಇದ್ದದ್ದು ಒಂದು ಬಸ್ಸು. ಬೆಳಿಗ್ಗೆ ಮಕ್ಕಳನ್ನು ತಂದು ಬಿಡುತ್ತಿತ್ತು, ಮಧ್ಯಾಹ್ನ ಮೂರಕ್ಕೆ ಹಿಂದಕ್ಕೆ ಹೊರಡುತ್ತಿತ್ತು. ಶಾಲೆ ಬಿಡುವುದು ನಾಲ್ಕೂವರೆಗೆ. ಆಮೇಲೆ ಆ ಕಡೆಗೆ ಏನೂ ಇಲ್ಲ. ಗಂಡುಹುಡುಗರು ಯಾರದಾದರೂ ಬೈಕಿನ ಹಿಂದೆ ಹತ್ತಿ ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಯಾರು ಹಾಗೆ ಬಿಡುತ್ತಾರೆ? ನಡೆದು ಹೋಗೋಣವೆಂದರೆ ಗುಡ್ಡದ ದಾರಿ, ಸೀತಾಫಲ ಹಣ್ಣಾಗುವ ಕಾಲಕ್ಕೆ ಕರಡಿ ಇಳಿಯುತ್ತವೆ. ಅವಳ ಹಟ್ಟಿಯಲ್ಲೇ ಕರಡಿ ಮುಖ ಕಿತ್ತ ಮನುಷ್ಯ ಒಬ್ಬ ಇದ್ದಾನೆ. ಹಾಸ್ಟೆಲ್ಲಿಗೆ ಓಡಾಡಿದೆವು, ಸೀಟು ಸಿಗಲಿಲ್ಲ.

ಹಾಗಾಗಿ ಅವಳು ದಿನಾ ಕೊನೆಯ ಪಿರಿಯಡ್ಡುಗಳನ್ನು ಬಿಟ್ಟು ಓಡುತ್ತಿದ್ದಳು. ಆ ಕೊನೆಯ ಪಿರಿಯಡ್ಡುಗಳಲ್ಲಿ ಒಂದು ನನ್ನದು, ಒಂದು ಅವರದು. ಬೇಕಾದದ್ದು ಇಷ್ಟೇ, ಆ ಬಸ್ಸು ಮೂರರ ಬದಲು ಶಾಲೆ ಬಿಟ್ಟ ಮೇಲೆ ಹೊರಟರೆ ಆಯಿತು. ಈ ಸೀಮೆಯಲ್ಲಿ ಯಾವ ಬಸ್ಸು ಯಾವತ್ತು ಹೊತ್ತಿಗೆ ಸರಿಯಾಗಿ ಹೊರಟಿದೆ ಹೇಳಿ. ಆ ಒಂದು ಬಸ್ಸು ಮಾತ್ರ ಗಡಿಯಾರ ಇಟ್ಟುಕೊಂಡು ಹೊರಡುತ್ತಿತ್ತು. ಡ್ರೈವರನನ್ನೇ ಕೇಳಿದೆ. “ನನಗೂ ಹೆಣ್ಮಕ್ಳದಾವ್ರಿ ಟೀಚರ್. ಆದ್ರ ತಡ ಮಾಡಿದ್ರ ನನಗ ಮೆಮೊ ಕೊಡ್ತಾರ” ಎಂದ. ಡಿಪೋಗೂ ಹೋದೆವು. ಅಲ್ಲಿದ್ದವರು ಕೂರಿಸಿ, ಚಹಾ ಕುಡಿಸಿ, “ಬರದು ಕೊಡ್ರಿ, ನೋಡೋಣು” ಎಂದರು.

ಬರೆದು ಕೊಡ್ರಿ ಎಂದದ್ದೇ ತಡ, ಮೇಷ್ಟ್ರ ಮುಖ ಅರಳಿತು. ಒಂಬತ್ತನೆಯ ತರಗತಿಯವರ ಕೈಯಲ್ಲೇ ಬರೆಸುತ್ತೇನೆ, ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗುತ್ತದೆ ಎಂದರು. ಬರೆಯುವ ಕೈ ಮಾಳಮ್ಮನದು. ಮೊದಲ ಸಾಲನ್ನು ಮಾತ್ರ ಅವರೇ ಹೇಳಿ ಬರೆಸಿದರು. ‘ತಮ್ಮ ಇಲಾಖೆಯ ಬಸ್ಸು ನಮ್ಮ ಹಟ್ಟಿಗೆ ಪ್ರತಿದಿನ ಸಮಯಕ್ಕೆ ಸರಿಯಾಗಿ ಬಂದು ಹೋಗುತ್ತಿದ್ದು, ಇದರಿಂದ ನಮಗೆಲ್ಲ ಬಹಳ ಉಪಕಾರವಾಗಿದೆ. ಅದಕ್ಕಾಗಿ ತಮಗೆ ಅನಂತ ಧನ್ಯವಾದಗಳು.’

ನಾನು ಪಕ್ಕದ ತರಗತಿಯಲ್ಲಿದ್ದೆ, ನಡುವೆ ಇದ್ದದ್ದು ಮರದ ಹಲಗೆಯ ಅಡ್ಡ. ಎಲ್ಲ ಕೇಳಿಸುತ್ತಿತ್ತು.

“ಸರ, ಬಸ್ಸು ಸರಿಯಾಗಿ ಬರತೈತಿ ಅಂತ ನಾವ ಬರದ್ರ, ಮತ್ಯಾಕ ಕೇಳ್ತೀರಿ ಅನ್ನಂಗಿಲ್ಲೇನ್ರಿ ಅವರು?” ಮಾಳಮ್ಮನ ದನಿ. ತರಗತಿ ನಕ್ಕಿತು.

ಮೇಷ್ಟ್ರೂ ನಕ್ಕರು. “ಏನವ್ವ ವಕೀಲ್ತಿ, ಕೊಟ್ಟಿದ್ದನ್ನ ಮೊದಲ ನೆನೀಬೇಕು. ಇಲ್ಲಾಂದ್ರ ಇನ್ನೊಂದು ಕೇಳಾಕ ಬಾಯಿ ಹೆಂಗ ಬರತೈತಿ? ಬರಿ.”

ಅವಳು ಬರೆದಳು. ನಿಜ ಹೇಳುತ್ತೇನೆ, ಒಳ್ಳೆಯ ಪತ್ರ. ಕರಡಿಯ ವಿಷಯ ಇತ್ತು, ಬಿಟ್ಟುಹೋಗುವ ಪಾಠದ ವಿಷಯ ಇತ್ತು, ಎಲ್ಲೂ ಗೋಳಾಟವಿರಲಿಲ್ಲ. ಹಟ್ಟಿಯ ಮಕ್ಕಳೆಲ್ಲ ಸಹಿ ಮಾಡಿದರು. ಮಾಳಮ್ಮನ ಅಪ್ಪ ಆ ವರ್ಷವೇ ಅವಳನ್ನು ಬಿಡಿಸಿ ಕುರಿಯ ಹಿಂದೆ ಕರೆದುಕೊಂಡು ಹೋಗುವವನಿದ್ದ. ಮೇಷ್ಟ್ರು ಹಟ್ಟಿಗೇ ಹೋಗಿ, ‘ಪತ್ರ ಹಾಕೇವಿ, ಒಂದು ವರ್ಷ ತಡಿಯಪ್ಪ, ಉತ್ತರ ಬರತೈತಿ’ ಎಂದು ಮಾತು ಕೊಟ್ಟು ಬಂದರು.

ಉತ್ತರ ಬಂತು. ಸ್ಟಾಫ್ ರೂಮಿನಲ್ಲಿ ಲಕೋಟೆ ಒಡೆದು, ಎಂದಿನಂತೆ ಗಟ್ಟಿಯಾಗಿ ಓದಲು ನಿಂತರು. ‘ಸದರಿ ಮಾರ್ಗದಲ್ಲಿ ವಾಹನವು ಸಮಯಕ್ಕೆ ಸರಿಯಾಗಿ ಸಂಚರಿಸುತ್ತಿರುವುದಾಗಿಯೂ, ಇದರಿಂದ ತಮಗೆ ಉಪಕಾರವಾಗಿರುವುದಾಗಿಯೂ ಅರ್ಜಿದಾರರೇ ಒಪ್ಪಿಕೊಂಡಿರುವುದರಿಂದ, ವೇಳಾಪಟ್ಟಿಯ ಬದಲಾವಣೆ ಅವಶ್ಯವಿಲ್ಲವೆಂದು ಪರಿಗಣಿಸಿ, ಅರ್ಜಿಯನ್ನು ಮುಕ್ತಾಯಗೊಳಿಸಿದೆ.’ ಅರ್ಧಕ್ಕೇ ಅವರ ದನಿ ಇಳಿದುಹೋಯಿತು. ಕೊನೆಯ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು ಕೂತರು.

ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಆ ಕಚೇರಿಯ ಮೇಲೋ ಈ ಮನುಷ್ಯನ ಮೇಲೋ ಗೊತ್ತಾಗಲಿಲ್ಲ.

“ನೀರು ಕುಡಿದು, ಮಕ್ಳು ಮರಿ ಕೇಳಿ ಬಂದ್ರಲ್ಲ. ಆತಲ್ಲ ಈಗ? ಇನ್ನೊಮ್ಮೆ ಬರೀರಿ. ನಮಸ್ಕಾರ ಬ್ಯಾಡ, ಉಪಕಾರ ಬ್ಯಾಡ. ಮಾರಿಗೆ ಹೊಡದಂಗ ಬರೀರಿ.”

“ಬರೀತೀನ್ರಿ,” ಎಂದರು.

ಬರೆದರು ಕೂಡ. ವಿಷಯ, ಕಾರಣ, ಕೋರಿಕೆ, ಮುಗಿಯಿತು. ವರಾಂಡದಲ್ಲಿ ಓದಿದರು. ತಮ್ಮ ನಾಲಿಗೆಗೇ ಅದು ತಿರುಗಲಿಲ್ಲವೇನೋ, ಮತ್ತೆ ಓದಿದರು. ಸಂಜೆ ಅಂಚೆಡಬ್ಬಿಯ ಹತ್ತಿರ ಹೋಗುವಾಗ ಜೊತೆಗೆ ನಾನೂ ಇದ್ದೆ. ಡಬ್ಬಿಯ ಮುಂದೆ ನಿಂತು, ಜೇಬಿನಿಂದ ಪೆನ್ನು ತೆಗೆದು, ಪತ್ರದ ತಲೆಯ ಮೇಲೆ ಸಣ್ಣಕ್ಷರದಲ್ಲಿ ‘ತಾವು ಕ್ಷೇಮವೆಂದು ಭಾವಿಸುತ್ತೇನೆ’ ಎಂದು ಸೇರಿಸಿಯೇ ಹಾಕಿದರು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ. ಅದಕ್ಕೆ ಉತ್ತರ ಬರಲಿಲ್ಲ. ಅದರ ಮುಂದಿನವಕ್ಕೂ ಬರಲಿಲ್ಲ. ಅಷ್ಟರೊಳಗೆ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆಯಿತು. ಮಾಳಮ್ಮ ಫ್ರೀಯಾಗಿ ಮೂರಕ್ಕೆ ಮನೆಗೆ ಹೋದಳು.

ಹತ್ತನೆಯ ತರಗತಿ ಶುರುವಾಗುವ ಹೊತ್ತಿಗೆ ಅವಳ ಅಪ್ಪ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಕೋಲನ್ನು ಹೊರಗೆ ಗೋಡೆಗೆ ಒರಗಿಸಿ ಒಳಗೆ ಬಂದ. ಹತ್ತನೆಯವರಿಗೆ ಸಂಜೆ ಆರರವರೆಗೂ ವಿಶೇಷ ತರಗತಿ ಇರುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು. ಮೇಷ್ಟ್ರು ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಸರ, ನಿಮ್ಮ ಮಾತಿಗೆ ಒಂದು ವರ್ಷ ತಡದ್ವಿ. ಇನ್ನ ಕರಕಂಡು ಹೋಗ್ತೀನ್ರಿ. ಕುರಿಗೆ ಮಂದಿ ಸಾಲಂಗಿಲ್ಲ.”

“ಇನ್ನೊಂದು ಚೂರು ತಡಿಯಪ್ಪ. ಮ್ಯಾಲಿನವರಿಗೆ ಬರದೀನಿ. ಉತ್ತರ...”

“ಉತ್ತರ ಬಂತಲ್ರಿ ಸರ,” ಎಂದ ಅವನು. ಚುಚ್ಚಿ ಆಡಿದ್ದಲ್ಲ, ಇದ್ದದ್ದನ್ನು ಹೇಳಿದ. “ಬಸ್ಸು ಬರಲಿಲ್ಲ.”

ಮಾಳಮ್ಮ ಬಾಗಿಲಲ್ಲಿ ನಿಂತಿದ್ದಳು. ನನ್ನ ಲೆಕ್ಕದ ಪುಸ್ತಕ ಹಿಂದಕ್ಕೆ ಕೊಡಲು ಬಂದಿದ್ದಳು. ಇಟ್ಟುಕೋ ಎಂದೆ. ಬೇಡ ಟೀಚರ್, ಹೊಲದಾಗ ಮಳಿಗೆ ನೆನೀತೈತಿ ಎಂದು ಮೇಜಿನ ಮೇಲಿಟ್ಟು ಅಪ್ಪನ ಹಿಂದೆ ಹೋದಳು. ಮೇಷ್ಟ್ರು ಆ ದಿನ ಯಾವ ತರಗತಿಗೂ ಹೋಗಲಿಲ್ಲ.

ಆ ವರ್ಷವೇ ಅವರು ನಿವೃತ್ತರಾದರು. ಮುಂದಿನ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ತೊದಲಿತು. ಬಾಯಿ ಹೋದರೂ ಚಿಂತಿಲ್ಲ, ಆ ಕೈ ಹೋಗಬಾರದಿತ್ತು. ನಾನು ವಾರಕ್ಕೊಮ್ಮೆ ಹೋಗಿ ಕೂತು, ಶಾಲೆಯ ಚಾಡಿ ಹೇಳಿ, ಅವರ ಹೆಂಡತಿ ಕೊಟ್ಟ ಮಂಡಕ್ಕಿ ತಿಂದು ಬರುತ್ತಿದ್ದೆ. ಹಾಗೆ ಹೋದಾಗ ಒಂದು ದಿನ ದಿಂಬಿನ ಪಕ್ಕ ಒಂದು ಅಂಚೆ ಕಾರ್ಡು ಇತ್ತು. ಎಡಗೈಯಲ್ಲಿ ಎತ್ತಿ ಕೊಟ್ಟು, ಗಟ್ಟಿಯಾಗಿ ಓದು ಎಂದು ಸನ್ನೆ ಮಾಡಿದರು.

‘ಇಂದ, ಮಾಳಮ್ಮ, ಕುರಿ ಹಿಂಡು, ತಂಬ್ರಹಳ್ಳಿ ಹತ್ತಿರದ ಹೊಲ. ಪೂಜ್ಯ ಗುರುಗಳಿಗೆ ನಮಸ್ಕಾರಗಳು. ನಾವೆಲ್ಲರೂ ಕ್ಷೇಮ, ಕುರಿಗಳೂ ಕ್ಷೇಮ. ತಾವು ಕಲಿಸಿದ್ದರಿಂದ ಈ ಪತ್ರ ಬರೆಯಲು ಬಂತು, ಅದಕ್ಕೆ ಧನ್ಯವಾದಗಳು. ಈಗ ವಿಷಯ. ಶಾಲೆ ಬಿಟ್ಟವರು ಹೊರಗಿನಿಂದ ಹತ್ತನೆಯ ಪರೀಕ್ಷೆ ಕಟ್ಟಬಹುದೆಂದು ಕೇಳಿದೆ. ಯಾರಿಗೆ ಅರ್ಜಿ ಬರೆಯಬೇಕು, ಯಾವ ತಾರೀಖಿನೊಳಗೆ ಎಂದು ತಿಳಿಸಬೇಕಾಗಿ ವಿನಂತಿ. ಮೇಷ್ಟ್ರ ಉತ್ತರ ಬಂದರೆ ಕಟ್ಟು, ಬರದಿದ್ದರೆ ಓದಿನ ಮಾತು ಇನ್ನೊಮ್ಮೆ ಎತ್ತಬೇಡ ಎಂದು ಅಪ್ಪ ಹೇಳಿದ್ದಾನೆ. ಉತ್ತರ ಬರುತ್ತದೆ ಎಂದು ನನಗೆ ಗೊತ್ತು.’

ಓದಿ ಮುಗಿಸಿದಾಗ ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. “ಐದಕ್ಕ... ಐದು,” ಎಂದರು. ಪರೀಕ್ಷೆಯಲ್ಲಿ ಪತ್ರಲೇಖನಕ್ಕೆ ಇದ್ದದ್ದೇ ಐದು ಅಂಕ.

ಕೂಡಲೇ ಬರೆಯಲು ಕೂತೆವು. ಅವರು ಹೇಳುವುದು, ನಾನು ಬರೆಯುವುದು. ಅರ್ಜಿಗೆ ಅವಳ ಸಹಿ, ಫೋಟೋ ಬೇಕು, ದಿನ ಹೆಚ್ಚು ಉಳಿದಿರಲಿಲ್ಲ. ನೇರ ವಿಷಯಕ್ಕೆ ಬರೋಣ ಸರ್ ಎಂದೆ. ತಲೆ ಅಲ್ಲಾಡಿಸಿದರು. ‘ನಿನ್ನ ಪತ್ರ ತಲುಪಿ ಬಹಳ ಸಂತೋಷವಾಯಿತು’ ಎಂಬ ಒಂದು ಸಾಲು ಅವರ ಬಾಯಿಂದ ಹೊರಡಲು ಎಷ್ಟು ಹೊತ್ತು ಹಿಡಿಯಿತೆಂದರೆ, ಅವರ ಹೆಂಡತಿ ನಡುವೆ ಬಂದು ದೀಪ ಹಾಕಿ ಹೋದರು. ಎಲ್ಲ ಬರೆದ ಮೇಲೆ, ‘ಗೆ’ ಎಂಬಲ್ಲಿ ಪೆನ್ನು ನಿಂತಿತು.

“ವಿಳಾಸ ಏನು ಬರೀಲಿ ಸರ್?”

ತಂಬ್ರಹಳ್ಳಿ ಹತ್ತಿರದ ಹೊಲ ಎಂದರೆ ಯಾವ ಹೊಲ? ಗೊಬ್ಬರಕ್ಕೆಂದು ನಿಲ್ಲಿಸುವ ಕುರಿ ಇವತ್ತು ಒಬ್ಬರ ಹೊಲದಲ್ಲಿ, ನಾಡಿದ್ದು ಇನ್ನೊಬ್ಬರದರಲ್ಲಿ. ಅಂಚೆಯವನು ಹಿಕ್ಕೆಯ ಜಾಡು ಹಿಡಿದು ಹೋಗುತ್ತಾನೆಯೇ? ಅವರು ಎಡಗೈಯಲ್ಲಿ ಪತ್ರ ಇಸಿದುಕೊಂಡು ನೋಡಿ ಹಿಂದಕ್ಕೆ ಕೊಟ್ಟರು. ಆಮೇಲೆ, “ಜಾಗ ಬಿಡ್ರಿ,” ಎಂದರು.

ಶಾಲೆಯ ದಾಖಲೆಯಲ್ಲಿದ್ದ ಅವಳಪ್ಪನ ಫೋನು ಚಾಲ್ತಿಯಲ್ಲಿರಲಿಲ್ಲ. ಹಟ್ಟಿಗೆ ಹೋದೆ. ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದಳು. “ಯಾವ ಹೊಲದಾಗ ಅದಾರೋ ಆ ಸ್ವಾಮಿಗೇ ಗೊತ್ತವ್ವ. ಫೋನು ನೀರಾಗ ಬಿತ್ತಂತ. ಉಗಾದಿಗೆ ಬರ್ತಾರ,” ಎಂದಳು. ಯುಗಾದಿಗೆ ಪರೀಕ್ಷೆಯೇ ಬಂದುಬಿಡುತ್ತದೆ. ರಜೆ ಹಾಕಿ, ಹಗರಿಬೊಮ್ಮನಹಳ್ಳಿಗೆ ಹೋಗಿ, ಅಲ್ಲಿಂದ ತಂಬ್ರಹಳ್ಳಿಗೆ ಹೋದೆ. ಕೇಳುತ್ತಾ ಕೇಳುತ್ತಾ ಒಂದು ಹೊಲ ಸಿಕ್ಕಿತು. ಬದುವಿನ ಮೇಲೆ ಮೂರು ಕಲ್ಲಿನ ಒಲೆ, ಬೂದಿ, ಹೊಲದ ತುಂಬ ಹಿಕ್ಕೆ. ಹೊಲದ ಯಜಮಾನ ಪಾಪ ಒಳ್ಳೆಯವನು, ನೀರು ಕೊಟ್ಟ.

“ಹ್ವಾದ ವಾರನ ಕುರಿ ಎಬ್ಬಿಸಿದ್ರಿ ಅಕ್ಕಾರ. ಹಡಗಲಿ ಕಡಿ ಅಂದ್ರು. ಆ ಹುಡುಗಿ ದಿನಾ ಕೇಳ್ತಿತ್ರಿ, ಅಂಚಿಯವನು ನಿಮ್ಮ ಮನಿಗೆ ಬಂದಿದ್ನೇನು ಅಂತ.”

ಹಡಗಲಿ ದಾರಿಯ ಇಟ್ಟಿಗಿ ಊರಿನವರೆಗೂ ಹೋದೆ. ಅಲ್ಲಿ ಹೊಲದಲ್ಲಿ ಇದ್ದದ್ದು ಬೇರೆಯವರ ಕುರಿ. ಕೊನೆಯ ತಾರೀಖು ದಾಟಿತು.

ಅವರಿಗೆ ಸುಳ್ಳು ಹೇಳಬಹುದಿತ್ತು. ದಾರಿಯುದ್ದಕ್ಕೂ ಯೋಚಿಸಿದೆ. ಆದರೆ ಅವರು ನನ್ನ ಮುಖವನ್ನು ಓದಿಯೇ ಬಿಟ್ಟಿದ್ದರು. ಸಿಗಲಿಲ್ಲ ಸರ್ ಎಂದೆ. ಒಂದೊಂದೇ ಮಾತನ್ನು ಎಳೆದು ತಂದು ಹೇಳಿದರು.

“ಡಿಪೋದವರು... ಉತ್ತರ ಕೊಟ್ರು ಟೀಚರ್. ನಾನ... ಕೊಡಲಿಲ್ಲ.”

ಆಮೇಲೂ ನಾನು ಹೋಗುತ್ತಿದ್ದೆ, ಅವರು ಪತ್ರದ ಮಾತು ಎತ್ತಲಿಲ್ಲ. ಯುಗಾದಿ ಇನ್ನೂ ದೂರವಿರುವಾಗಲೇ ಹೋಗಿಬಿಟ್ಟರು. ಮಣ್ಣು ಕೊಟ್ಟು, ಕೈಕಾಲು ತೊಳೆದು, ಬಸ್ ಸ್ಟ್ಯಾಂಡಿಗೆ ಬಂದರೆ ಗುಡೇಕೋಟೆ ಕಡೆಯ ಆ ಬಸ್ಸು ನಿಂತಿತ್ತು. ಒಳಗೆ ಸಂತೆ ಚೀಲದ ಮುದುಕಿಯರು, ಒಂದಿಬ್ಬರು ಗಂಡಸರು. ಶಾಲೆಯ ಹುಡುಗಿಯರು ಯಾರೂ ಇರಲಿಲ್ಲ. ಗೆ ಎಂಬಲ್ಲಿ ಜಾಗ ಬಿಟ್ಟ ಪತ್ರ ನನ್ನ ಚೀಲದಲ್ಲೇ ಇತ್ತು. ತಾರೀಖು ಹೋದ ಪತ್ರ ಕೊಟ್ಟು ಏನು ಮಾಡುವುದು, ಆದರೂ ಮೆಟ್ಟಿಲು ಹತ್ತಿ, ಆ ಹಟ್ಟಿಯ ಕುರಿಯವರು ಯಾರಾದರೂ ಊರಿಗೆ ಬಂದಿದ್ದಾರೇನಪ್ಪ ಎಂದು ಕಂಡಕ್ಟರನನ್ನು ಕೇಳಿದೆ.

“ಯಾರೂ ಬಂದಿಲ್ರಿ ಟೀಚರ್,” ಎಂದು ಅವನು ಗಡಿಯಾರ ನೋಡಿಕೊಂಡ. “ಇಳೀರಿ, ಮೂರಾತು.”